ಕತೆಗೆ ಕಾಲಿಲ್ಲ, ವಿಮಾನಕ್ಕೆ ರೆಕ್ಕೆ ಬೇಕು

ಉಚ್ಚಂಗಿದುರ್ಗದ ನಮ್ಮ ಮನೆಯಲ್ಲಿ ಕರೆಂಟ್ ಹೋದ ರಾತ್ರಿಗಳಲ್ಲಿ ಅಜ್ಜಿ ಹೇಳುತ್ತಿದ್ದ ಕತೆಯೊಂದಿದೆ. ಬಡವರ ಮನೆಯ ಹುಡುಗಿ ಮೈಮೇಲೆ ಒಂದು ಬಿಂದಿಗೆ ನೀರು ಸುರಿಸಿಕೊಂಡರೆ ಹೂವಿನ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರು 'ಚೆಲುವಿ' ಎಂಬ ಹಿಂದಿ ಸಿನಿಮಾ ಮಾಡಿದ ಕತೆಯೂ ಇದೇ ಎಂದು ತಿಳಿದದ್ದು ಬಿ.ಇ. ಸೇರಿದ ಮೇಲೆ. 'ನೀರು ಹಾಕಿದ್ರೆ ಮರ ಹೆಂಗಾಗ್ತಾಳಜ್ಜಿ?' ಎಂದು ಕೇಳಿದರೆ, 'ಕತೆಗೆ ಕಾಲಿಲ್ಲ, ಸುಮ್ನೆ ಕೇಳು' ಎನ್ನುತ್ತಿದ್ದಳು.

ಫ್ಯಾಂಟಸಿಗೂ ಸೈನ್ಸ್ ಫಿಕ್ಷನ್‌ಗೂ ಏನು ವ್ಯತ್ಯಾಸ ಎಂದು ಹಾಸ್ಟೆಲ್‌ನಲ್ಲಿ ಕೇಳಿ ನೋಡಿ. 'ಮುಂದೆ ಆಗಬಹುದಾದದ್ದು ಸೈನ್ಸ್ ಫಿಕ್ಷನ್, ಎಂದೂ ಆಗಲಾರದ್ದು ಫ್ಯಾಂಟಸಿ' ಎಂಬ ಉತ್ತರ ಬರುತ್ತದೆ. ಆದರೆ ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾಲಯಂತ್ರವನ್ನು ಇವತ್ತಿಗೂ ಯಾರೂ ಕಟ್ಟಿಲ್ಲ. ಆದರೂ ಅದು ಸೈನ್ಸ್ ಫಿಕ್ಷನ್ನೇ. 'ಫ್ಯಾಂಟಸಿಗೆ ನಿಯಮವಿಲ್ಲ' ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಅಜ್ಜಿಯ ಕತೆಯಲ್ಲಿ ಹೂ ಕೀಳುವಾಗ ಒಂದು ರೆಂಬೆಯೂ ಮುರಿಯಬಾರದು. ನಾದಿನಿ, ಅವಳ ಗೆಳತಿಯರು ಮುರಿದುಬಿಟ್ಟರು. ಹುಡುಗಿ ಕೈಕಾಲಿಲ್ಲದೆ ಉಳಿದಳು.

ನಿಯಮ ಎರಡರಲ್ಲೂ ಇದೆ, ಅದರ ಜಾತಿ ಬೇರೆ. ಅದೇ ಬಿಂದಿಗೆ ನೀರನ್ನು ನಾನು ಸುರಿದುಕೊಂಡರೆ ಒದ್ದೆಯಾಗುತ್ತೇನೆ, ಅಷ್ಟೆ. ಅಲ್ಲಿಯ ನಿಯಮ ಆ ಹುಡುಗಿಗೆ, ಅವಳನ್ನು ಮುಟ್ಟುವವರ ಮನಸ್ಸಿಗೆ ಕಟ್ಟಿಕೊಂಡಿದೆ. ವೆಲ್ಸ್‌ನ ಯಂತ್ರ ಹಾಗಲ್ಲ. ಯಾರು ಹತ್ತಿ ಲಿವರ್ ಎಳೆದರೂ ಹೊರಡುತ್ತದೆ. 'ಹೇಗೆ?' ಎಂಬ ಪ್ರಶ್ನೆಯನ್ನು ಫ್ಯಾಂಟಸಿ ಪಕ್ಕಕ್ಕಿಡುತ್ತದೆ, ಸೈನ್ಸ್ ಫಿಕ್ಷನ್ ಕತೆಯೊಳಗೇ ಕೂರಿಸಿಕೊಳ್ಳುತ್ತದೆ.

ಇವೆರಡೂ ಪ್ರಾಮಾಣಿಕವೇ. ತೊಂದರೆ ಇರುವುದು ಮೂರನೆಯದರಲ್ಲಿ: ಫ್ಯಾಂಟಸಿಗೆ ವಿಜ್ಞಾನದ ಸೀಲು ಒತ್ತುವುದು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ವನ್ನು ಭರದ್ವಾಜ ಮಹರ್ಷಿಯ ಗ್ರಂಥವೆಂದು ನಂಬುವವರು ಇಂದಿಗೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಅದರ ಭಾಷೆಯನ್ನೂ ವಿಮಾನದ ಚಿತ್ರಗಳನ್ನೂ ಪರೀಕ್ಷಿಸಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿನ ಯಾವ ವಿಮಾನವೂ ಹಾರಲಾರದು ಎಂಬ ತೀರ್ಮಾನಕ್ಕೆ ಬಂದರು.

ಸೆಮಿನಾರ್ ಒಂದರಲ್ಲಿ ಅತಿಥಿಯೊಬ್ಬರು ಈ ಗ್ರಂಥವನ್ನು ಹೊಗಳಿದಾಗ ನಾನು ಎದ್ದು ಆ ಅಧ್ಯಯನದ ವಿಷಯ ಹೇಳಿದೆ. 'ಮೊದಲು ನಮ್ಮ ಸಂಸ್ಕೃತಿಗೆ ಗೌರವ ಕೊಡುವುದನ್ನು ಕಲಿಯಿರಿ' ಎಂಬ ಉತ್ತರ ಬಂತು. ಚಪ್ಪಾಳೆಯೂ ಬಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಗೆಳೆಯರೂ ತಟ್ಟಿದರು. ಸುಮ್ಮನೆ ಕೂತೆ.

ಅಂದು ಹೇಳಲಾಗದ್ದು ಇಷ್ಟೇ. ಪುಷ್ಪಕ ವಿಮಾನ ಎಂದರೆ ನನಗೂ ಇಷ್ಟ. ಅದಕ್ಕೆ ಇಂಧನ ಬೇಡ, ಒಡೆಯನ ಮನಸ್ಸು ಸಾಕು. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತದಂತೆ. ಕಲ್ಪನೆಯಾಗಿ ಅದರಲ್ಲಿ ಒಂದು ಕೊರತೆಯೂ ಇಲ್ಲ. ಅದಕ್ಕೆ ಎಂಜಿನ್ ಹುಡುಕುವುದೇ ಅದನ್ನು ಸಣ್ಣದು ಮಾಡಿದಂತೆ. ಇತ್ತ ಎಂಜಿನಿಯರಿಂಗ್‌ಗೂ ನಷ್ಟ. ಪ್ರಶ್ನೆ ಕೇಳುವುದೇ ಅಗೌರವ ಎಂದಾದರೆ ಲ್ಯಾಬ್‌ನಲ್ಲಿ ನಾವು ಕಲಿಯುವುದಾದರೂ ಏನನ್ನು? ನಾಳೆ ಇಂಟರ್‌ವ್ಯೂನಲ್ಲಿ 'ನಿಮ್ಮ ಪ್ರಾಜೆಕ್ಟ್ ಹೇಗೆ ಕೆಲಸ ಮಾಡುತ್ತದೆ?' ಎಂದರೆ 'ಹಿರಿಯರು ಹೇಳಿದ್ದಾರೆ' ಎನ್ನಲಾದೀತೇ?

ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿಗೆ ಈ ಗೆರೆ ಗೊತ್ತಿತ್ತು. ಹುಡುಗಿ ಮರವಾದದ್ದು ನಿಜವೆಂದು ಅವಳು ಒಮ್ಮೆಯೂ ಹೇಳಲಿಲ್ಲ. ಕತೆ ಎಂದೇ ಹೇಳಿದಳು. ಅದಕ್ಕೇ ಇವತ್ತಿಗೂ ಗಿಡದ ರೆಂಬೆ ಮುರಿಯುವಾಗ ನನ್ನ ಕೈ ಒಂದು ಕ್ಷಣ ಹಿಂಜರಿಯುತ್ತದೆ.