ತಲೆಗೆ ಪೆಟ್ಟು ಬಿದ್ದ ನಾಯಕಿ ಸಾಕು

ರೊಮ್ಯಾಂಟಿಕ್ ಸಸ್ಪೆನ್ಸ್ ಕಾದಂಬರಿ ಅಂದ್ರ ನಮಗ ಗೊತ್ತಿರೋದು ಒಂದೇ. ನಾಯಕಿಯ ತಲೆಗೆ ಪೆಟ್ಟು, ಎಲ್ಲ ಮರೆವು. ನೆನಪು ಮರಳಿದಾಗ ಮನೆತನದ ಗುಟ್ಟು ಬಯಲು.

2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾ ನೋಡ್ರಿ. ಅನಂತ್ ನಾಗ್ ಮಾಡಿದ ವೆಂಕೋಬರಾವ್‌ಗೆ ಅಲ್ಝೈಮರ್. ಹೆಂಡತಿಯ ಮೇಲಿನ ಹಳೇ ಪ್ರೀತಿ ಮಾತ್ರ ಮಾಸಿಲ್ಲ. ಈ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪೇ ಮೊದಲು ಹೋಗುತ್ತದೆ. ಅಂದರೆ ಗುಟ್ಟು ಹೊರಬೀಳೋದು ನೆನಪು ಹೋಗುವಾಗ! ಯಾವುದನ್ನು ಮುಚ್ಚಿಡಬೇಕಿತ್ತು ಅನ್ನೋದೇ ಮರೆತಿರ್ತದ.

ನಿಪ್ಪಾಣಿಯ ಅಜ್ಜಿಯೊಬ್ಬಳು ತನ್ನ ಹಳೇ ಪ್ರೀತಿಯನ್ನು ಮರಾಠಿಯಲ್ಲಿ ಹೇಳತೊಡಗಿದರೆ? ಮನೆಯವರು ಅರಳು ಮರಳು ಅಂತಾರ. ಇಂಗ್ಲಿಷ್ ಮೀಡಿಯಂ ಮೊಮ್ಮಗಳಿಗೆ ಅರ್ಧ ತಿಳೀತದ, ಅರ್ಧ ಇಲ್ಲ. ಸಸ್ಪೆನ್ಸ್ ಅಲ್ಲೇ ಅದ.

ಚಿಕ್ಕೋಡಿ, ಅಥಣಿ, ಕಾಗವಾಡ ಕಡೆಯವರು ಯಾರಾದ್ರೂ ಬರೀರಿ. ನಾಯಕಿಗೆ ಎಪ್ಪತ್ತು ದಾಟಿರಲಿ.