ಪೆಟ್ಟಿಗೆಯೊಳಗಿನ ಗಿರಣಿ



ಈ ಸಲದ ಬರಹ ಒಂದು ಸಣ್ಣ ಸದ್ದನ್ನು ಕುರಿತದ್ದು. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ಮೇಲೆ ತಿರುಗುವ ಅಂಗೈಯಗಲದ ಫ್ಯಾನಿನ ಸದ್ದು. ಇದೂ ಬರೆಯುವ ವಿಷಯವೇ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಹಿಂದಿನ ಬೆಂಚಿನ ಪಿಸುಮಾತನ್ನೂ ಬಿಡದಿದ್ದ ಮೇಷ್ಟ್ರಿಗೆ ನಿವೃತ್ತಿಯ ನಂತರ ಇನ್ನೇನು ಕೆಲಸ ಎನ್ನಲೂಬಹುದು. ಆಗಲಿ.

ಕಿರಿಯ ಮಗ ಕೆಲಸಕ್ಕೆಂದು ಪರ ಊರಿಗೆ ಹೊರಡುವಾಗ ತನ್ನ ಕಂಪ್ಯೂಟರನ್ನು ನನಗೆ ಬಿಟ್ಟುಹೋದ. ತಿರುಗುವ ತಟ್ಟೆಗಳಿದ್ದ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಸದ್ದಿಲ್ಲದ ಎಸ್‌ಎಸ್‌ಡಿ ಹಾಕಿದ್ದ. ನಿಧಾನವಾಗಿ ತಿರುಗುವ 120 ಮಿಲಿಮೀಟರಿನ ದೊಡ್ಡ ಫ್ಯಾನುಗಳನ್ನು ಜೋಡಿಸಿದ್ದ. ಇಷ್ಟಾಗಿ ಉಳಿದದ್ದು ಆಟಗಳಿಗಾಗಿ ಕೊಂಡ ಗ್ರಾಫಿಕ್ಸ್ ಕಾರ್ಡೊಂದೇ. ಹಗಲಿನಲ್ಲಿ ಕೇಳಿಸದ ನಲ್ಲಿಯ ತೊಟ್ಟು ನಡುರಾತ್ರಿ ನಿದ್ದೆ ಕೆಡಿಸುವಂತೆ, ಉಳಿದವೆಲ್ಲ ಸುಮ್ಮನಾದ ಆ ಪೆಟ್ಟಿಗೆಯಲ್ಲಿ ಅದರ ಗುಂಯ್‌ಗುಡುವಿಕೆ ಎದ್ದು ಕೇಳುತ್ತಿತ್ತು. ಪತ್ರ ಬರೆಯುವಾಗ, ಪತ್ರಿಕೆ ಓದುವಾಗ ನಾನೂ ಸಹಿಸಿಕೊಂಡೆ.

ಸಹಿಸಲಾಗದೆ ಹೋದದ್ದು ಅಕ್ಕ ಬಂದಾಗ. ಎಪ್ಪತ್ತೇಳರ ಅಕ್ಕನಿಗೆ ನಮ್ಮ ಅಮ್ಮನಿಂದ ಬಂದ ಹಸೆಯ ಹಾಡು, ಆರತಿಯ ಹಾಡು, ಬೀಸುವ ಪದಗಳೆಲ್ಲ ಬಾಯಿಗೆ ಬರುತ್ತಿದ್ದವು. ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಒಂದು ಮಧ್ಯಾಹ್ನವೆಲ್ಲ ಹಾಡಿಸಿದೆ. ಅವಳು ಒಮ್ಮೆ ಹಾಡು ನಿಲ್ಲಿಸಿ, “ಬೀಸುವ ಪದಕ್ಕೆ ಕಲ್ಲಿನ ಸದ್ದು ಇರಬೇಕು ಕಣೋ, ಇದು ಯಾವ ಗಿರಣಿಯದು?” ಎಂದಳು. ನಕ್ಕು ಮುಂದುವರಿಸಿದೆವು. ರಾತ್ರಿ ಕೇಳಿ ನೋಡಿದರೆ ಎಲ್ಲ ಹಾಡುಗಳ ಕೆಳಗೂ ಆ ಗಿರಣಿ ಕುಳಿತಿತ್ತು.

ಇಬ್ಬರನ್ನು ಕೇಳಿದೆ. ಒಬ್ಬರು, “ಅಭ್ಯಾಸವಾಗಿಬಿಡುತ್ತದೆ ಸಾರ್” ಎಂದರು. ಅಂಗಡಿಯವರೊಬ್ಬರು, “ಹೊಸ ಕಾರ್ಡು ಹಾಕಿಸಿಬಿಡಿ” ಎಂದರು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಸದ್ದನ್ನು ಸಹಿಸಬೇಕಾದ ದೋಷವೆಂದೋ ಹಣ ಕೊಟ್ಟು ಕಳೆಯಬೇಕಾದ ಶನಿಯೆಂದೋ ತಿಳಿಯುವ ಮೊದಲು ಅದು ಹುಟ್ಟುವುದೇಕೆಂದು ಕೇಳಬೇಡವೇ? ಫ್ಯಾನು ತಾನಾಗಿ ಕೂಗುವುದಿಲ್ಲ. ಶಾಖ ಅದನ್ನು ಕೂಗಿಸುತ್ತದೆ. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಎಂಬ ಕಾರ್ಡಿನ ವಿದ್ಯುತ್ ಮಿತಿ 450 ವ್ಯಾಟ್, ಹೆಚ್ಚುಕಡಿಮೆ ಅರ್ಧ ಇಸ್ತ್ರಿಪೆಟ್ಟಿಗೆಯಷ್ಟು. ಆ ಶಾಖವನ್ನು ಯಾರಾದರೂ ಹೊರಗೆ ಸಾಗಿಸಲೇಬೇಕು.

ಇಲ್ಲಿ ನಿಮ್ಮ ಭೌತಶಾಸ್ತ್ರದ ಮೇಷ್ಟ್ರು ಸ್ವಲ್ಪ ಹೊತ್ತು ಕರಿಹಲಗೆಯ ಬಳಿ ನಿಲ್ಲುತ್ತಾನೆ, ಕ್ಷಮಿಸಿ. ಫ್ಯಾನು ತಳ್ಳುವ ಗಾಳಿ ಅದರ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ. ಶಬ್ದಶಕ್ತಿಯಾದರೋ ಸರಿಸುಮಾರು ವೇಗದ ಐದನೆಯ ಘಾತದಂತೆ ಏರುತ್ತದೆ. ವೇಗವನ್ನು ಶೇಕಡಾ 20ರಷ್ಟು ಇಳಿಸಿದರೆ ಗಾಳಿ ಶೇಕಡಾ 20ರಷ್ಟೇ ತಗ್ಗುತ್ತದೆ; ಶಬ್ದಶಕ್ತಿಯೋ ಮೂರರಲ್ಲೊಂದು ಪಾಲಿಗೆ, ಎಂದರೆ ಸುಮಾರು 5 ಡೆಸಿಬೆಲ್‌ನಷ್ಟು ಇಳಿಯುತ್ತದೆ. ವೇಗ ಅರ್ಧವಾದರೆ 15 ಡೆಸಿಬೆಲ್. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಸಣ್ಣದರಷ್ಟೇ ಗಾಳಿ ಕೊಡುವುದರಿಂದ ಅದು ಸೌಮ್ಯವಾಗಿರುತ್ತದೆ. ಇದನ್ನು ತಯಾರಕರು ಅರಿಯದವರೇನಲ್ಲ. 2003ರಲ್ಲಿ ಮಾರುಕಟ್ಟೆಗೆ ಬಂದ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಕಾರ್ಡಿನ ಅಬ್ಬರ ಎಷ್ಟಿತ್ತೆಂದರೆ, ಅದನ್ನು ತರಗೆಲೆ ಹಾರಿಸುವ ಯಂತ್ರವಾಗಿ ತೋರಿಸಿ ಆ ಕಂಪನಿಯೇ ತನ್ನನ್ನು ಅಣಕಿಸಿಕೊಂಡ ಚಿತ್ರವೊಂದನ್ನು ಮಾಡಿತು. ಅದೇ ವರ್ಷ ಬಂದ 5900 ಮಾದರಿ ಬಹಳ ಶಾಂತವಾಗಿತ್ತು. ಜನ ಗೊಣಗಿದ್ದರಿಂದ ಪ್ರಯೋಜನವಾಯಿತು ಎಂದೇ ನನ್ನ ನಂಬಿಕೆ.

2014ರ ಸುಮಾರಿನಿಂದ ಅನೇಕ ಕಾರ್ಡುಗಳಲ್ಲಿ, ಬಿಸಿ ಏರದಿದ್ದಾಗ ಫ್ಯಾನು ಪೂರ್ತಿ ನಿಂತೇಬಿಡುವ ಏರ್ಪಾಡು ಬಂದಿದೆ. ಒಳ್ಳೆಯದೇ. ಆದರೆ ಬಿಸಿಯು ಗಡಿರೇಖೆಯ ಬಳಿಯೇ ಸುಳಿದಾಡುತ್ತಿದ್ದರೆ ಫ್ಯಾನು ಐದೈದು ನಿಮಿಷಕ್ಕೆ ಎದ್ದು ಮಲಗುತ್ತದೆ. ಅದು ಒಂದೇ ಸಮನೆ ಕೇಳುವ ಸದ್ದಿಗಿಂತ ಹೆಚ್ಚು ಹಿಂಸೆ. ಅಂಥ ಕಡೆ ನಿಲ್ಲಿಸುವುದಕ್ಕಿಂತ ಮೆಲ್ಲಗೆ ತಿರುಗಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ರಿಪೇರಿ ಅಂಗಡಿ ಇಟ್ಟಿರುವ ಹಳೆಯ ಶಿಷ್ಯನೊಬ್ಬ ಮನೆಗೆ ಬಂದು ಮುಚ್ಚಳ ತೆಗೆದ. ಕಾರ್ಡಿನ ಅಲ್ಯೂಮಿನಿಯಂ ಪದರಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು ಕುಂಚದಿಂದ ಗುಡಿಸಿದ. ಪೆಟ್ಟಿಗೆಯನ್ನು ನಾನು ಮೇಜಿನ ಮರದ ಗೂಡಿನೊಳಗೆ ಅಂದವಾಗಿ ಇಟ್ಟಿದ್ದೆ; ಹೊರಬಂದ ಬಿಸಿ ಗಾಳಿಯನ್ನೇ ಅದು ಮತ್ತೆ ಉಸಿರಾಡುತ್ತಿತ್ತು. ಅಪರಾಧ ನನ್ನದು. ಹೊರಗೆ ತೆಗೆದಿಟ್ಟೆವು. ಅರ್ಧ ಸದ್ದು ಅಲ್ಲಿಗೇ ಹೋಯಿತು. ಆಮೇಲೆ ಅವನು ಕೇಳಿದ ಪ್ರಶ್ನೆ ನೆನಪಿಡತಕ್ಕದ್ದು: “ಸಾರ್, ನೀವು ಆಟ ಆಡ್ತೀರಾ?” ಇಲ್ಲವೆಂದೆ. “ಹಾಗಿದ್ರೆ ಈ ಕಾರ್ಡು ಯಾಕೆ ಬೇಕು?”

ನನ್ನ ಪ್ರೊಸೆಸರಿನಲ್ಲಿಯೇ ಓದುಬರಹಕ್ಕೆ, ಚಿತ್ರ ನೋಡುವುದಕ್ಕೆ ಸಾಲುವಷ್ಟು ಗ್ರಾಫಿಕ್ಸ್ ಅಡಗಿತ್ತು. (ಎಲ್ಲ ಪ್ರೊಸೆಸರುಗಳಲ್ಲಿಯೂ ಇರುವುದಿಲ್ಲ, ವಿಚಾರಿಸಿಯೇ ತೆಗೆಯಿರಿ.) ಅವನು ಕಾರ್ಡನ್ನು ಬಿಚ್ಚಿ, ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿಗೇ ಸಿಕ್ಕಿಸಿದ. ಕೋಣೆ ತಟ್ಟನೆ ದೊಡ್ಡದಾದಂತೆನಿಸಿತು.

ದೀಪಾವಳಿಗೆ ಬಂದ ಮಗನಿಗೆ ಇದು ಸರಿಬರಲಿಲ್ಲ. ಕಾರ್ಡನ್ನು ಮತ್ತೆ ಹಾಕಿದ. ಆದರೆ ನನ್ನ ಗೊಣಗಾಟಕ್ಕೆ ಮಣಿದು ‘ಆಫ್ಟರ್‌ಬರ್ನರ್’ ಎಂಬ ಉಚಿತ ತಂತ್ರಾಂಶದಲ್ಲಿ ವೋಲ್ಟೇಜನ್ನು ಕೊಂಚ ತಗ್ಗಿಸಿದ. ಚಿಪ್ಪಿನ ವಿದ್ಯುತ್ ಬಳಕೆಯ ಬಹುಪಾಲು ವೋಲ್ಟೇಜಿನ ವರ್ಗಕ್ಕೆ ಅನುಗುಣ. ಶೇಕಡಾ 10 ಇಳಿಸಿದರೆ ಆ ಪಾಲು ಶೇಕಡಾ 19 ಇಳಿಯುತ್ತದೆ. ಆಟದಲ್ಲಿ ಸೆಕೆಂಡಿಗೆ ಇನ್ನೂರು ಚಿತ್ರಗಳು ಮೂಡುತ್ತಿದ್ದುದನ್ನು ಅರುವತ್ತಕ್ಕೆ ಕಟ್ಟಿಹಾಕಿದ. ಮಾನಿಟರು ತೋರಿಸುತ್ತಿದ್ದುದೇ ಅರುವತ್ತು! ಯಾರೂ ಕಾಣದ ನೂರನಲವತ್ತು ಚಿತ್ರಗಳಿಗಾಗಿ ಅಷ್ಟು ದಿನ ಗಿರಣಿ ಓಡಿತ್ತು. “ಆಟದಲ್ಲಿ ಏನೂ ವ್ಯತ್ಯಾಸ ಇಲ್ಲ ಅಪ್ಪಾ” ಎಂದು ಅವನೇ ಒಪ್ಪಿಕೊಂಡ.

ಕೊಳ್ಳುವಾಗ ನಾವು ಮೆಮೊರಿ ಎಷ್ಟು, ವೇಗ ಎಷ್ಟು ಎಂದು ಕೇಳುತ್ತೇವೆ. ಎಷ್ಟು ಸದ್ದು ಮಾಡುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳಿದರೆ ಅಂಗಡಿಯ ಹುಡುಗರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ನಿಮ್ಮ ಮನೆಯಲ್ಲಿ ಓದುವ ಮಕ್ಕಳಿದ್ದಾರೆ, ಕಿವಿ ಮಂದವಾದ ಹಿರಿಯರಿದ್ದಾರೆ. ಯಾರದಾದರೂ ದನಿಯನ್ನು ಹಿಡಿದಿಡುವ ಯೋಚನೆಯಿದ್ದರಂತೂ ಮೊದಲು ಕೋಣೆಯಲ್ಲಿ ಒಂದು ನಿಮಿಷ ಕಣ್ಣು ಮುಚ್ಚಿ ಕುಳಿತು ಕೇಳಿಸಿಕೊಳ್ಳಿ.

ಕಾರ್ಡು ತೆಗೆದ ವಾರವೇ ಅಕ್ಕನನ್ನು ಮತ್ತೆ ಕರೆಸಿದ್ದೆ. ಹಸೆಯ ಹಾಡುಗಳು ಚೆನ್ನಾಗಿ ಬಂದವು. ಬೀಸುವ ಪದದ ನಡುವಿನ ಎರಡು ನುಡಿಗಳು ಮಾತ್ರ ಅವಳಿಗೆ ನೆನಪಾಗಲಿಲ್ಲ. ಮೂರು ಸಲ ಮೊದಲಿನಿಂದ ಎತ್ತಿಕೊಂಡು ಅಲ್ಲಿಯೇ ನಿಂತಳು. ಆ ನುಡಿಗಳು ಈಗ ಮೊದಲ ಧ್ವನಿಮುದ್ರಣದಲ್ಲಷ್ಟೇ ಇವೆ. ಸದ್ದು ಅಳಿಸುವ ತಂತ್ರಾಂಶಕ್ಕೆ ಕೊಟ್ಟು ನೋಡಿದೆ. ಗಿರಣಿಯೊಡನೆ ಅಕ್ಕನ ಉಸಿರೂ ಹೋಗಿ, ದನಿ ಕೊಡದೊಳಗಿಂದ ಬಂದಂತಾಯಿತು. ಅಳಿಸಿದ್ದನ್ನು ತೆಗೆದುಹಾಕಿ, ಮೊದಲಿನದನ್ನೇ ಇದ್ದ ಹಾಗೆ ಇಟ್ಟುಕೊಂಡಿದ್ದೇನೆ.