ಸೊಂಟದ ಪಿಸ್ತೂಲು ಮತ್ತು ಶ್ರಾವಕನ ವ್ರತ

ಗೋಕಾಕ ಸೀಮೆಯಲ್ಲಿ ವ್ಯಾಪಾರ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದ. ಹಣದೊಂದಿಗೆ ರಾತ್ರಿ ಒಬ್ಬನೇ ತಿರುಗಬೇಕಾಗುವುದರಿಂದ ಪರವಾನಗಿ ಪಡೆದು ಪಿಸ್ತೂಲು ಕೊಂಡಿದ್ದಾನೆ. ಗುಂಡು ತುಂಬಿಯೇ ಸೊಂಟದಲ್ಲಿಟ್ಟುಕೊಳ್ಳುತ್ತಾನೆ. ‘ಸರ್, ಇದರಿಂದ ಅಣುವ್ರತ ಕೆಡತೈತೇನ್ರಿ?’ ಎಂದು ಕೇಳಿದ.

ಅವನ ಭಯವನ್ನು ಹಗುರವಾಗಿ ಕಾಣಲಾಗದು. 2023ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಹಿರೇಕೋಡಿಯ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾಯಿತು. ಆ ನೋವು ಸಮಾಜದ ಎದೆಯಲ್ಲಿ ಇನ್ನೂ ಹಸಿಯಾಗಿದೆ.

ಜಿನಧರ್ಮವು ಗೃಹಸ್ಥನಿಗೆ ಹೇಡಿತನವನ್ನು ಬೋಧಿಸಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಶ್ರಾವಕನು ಪೂರ್ಣವಾಗಿ ತೊರೆಯಬೇಕಾದುದು ಸಂಕಲ್ಪೀ ಹಿಂಸೆಯನ್ನು. ತನ್ನನ್ನೂ ಆಶ್ರಿತರನ್ನೂ ಕಾಯುವಾಗ ಅನಿವಾರ್ಯವಾಗಿ ಒದಗುವುದು ವಿರೋಧೀ ಹಿಂಸೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾನಿಯಾಗಿದ್ದ. ಆದರೆ ಆ ಸೇನಾನಿ ನಿಲ್ಲಿಸಿದ್ದು ನಿರಾಯುಧ ಬಾಹುಬಲಿಯನ್ನು ಎಂಬುದನ್ನು ಮರೆಯಬಾರದು.

ನನ್ನ ಆತಂಕ ಆಯುಧಕ್ಕಿಂತ ಪ್ರಮಾದದ ಕುರಿತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿಯೇ ಗುರುತಿಸುತ್ತದೆ. ಗುಂಡು ತುಂಬಿದ ಪಿಸ್ತೂಲು ಕ್ಷಣಮಾತ್ರದ ಮೈಮರೆವನ್ನೂ ಕ್ಷಮಿಸದು. ಮನೆಯಲ್ಲಿ ಮೇಜಿನ ಮೇಲಿಟ್ಟರೆ ಮಗುವಿನ ಕೈಗೆ ಸಿಕ್ಕೀತು. ಜಗಳದಲ್ಲಿ ಕ್ರೋಧ, ಮಾನಗಳೆಂಬ ಕಷಾಯಗಳೇ ಬೆರಳನ್ನು ಆಡಿಸಿಯಾವು. ಆಗ ವಿರೋಧೀ ಎಂದು ಹೊರಟದ್ದು ಸಂಕಲ್ಪೀ ಹಿಂಸೆಯಾಗುತ್ತದೆ. ಕಾನೂನೂ ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟು, ಅಗತ್ಯವನ್ನು ಮೀರಿದ ಹಾನಿಗೆ ಅವಕಾಶ ಕೊಟ್ಟಿಲ್ಲ.

ಮುನಿಗಳು ಪಿಂಛಿ, ಕಮಂಡಲಗಳನ್ನು ಎತ್ತುವಾಗಲೂ ಇಡುವಾಗಲೂ ಜೀವಬಾಧೆಯಾಗದಂತೆ ಎಚ್ಚರ ವಹಿಸುವರು. ಅದು ಆದಾನನಿಕ್ಷೇಪಣ ಸಮಿತಿ. ನವಿಲುಗರಿಗೇ ಇಷ್ಟು ಎಚ್ಚರವಾದರೆ ಪಿಸ್ತೂಲಿಗೆ ಎಷ್ಟಿರಬೇಕು! ಬೆರಳು ಕುದುರೆಯ ಮೇಲಿರಬಾರದು. ಬಾಯಿ ಯಾರತ್ತಲೂ ತಿರುಗಿರಬಾರದು. ಮನೆ ಸೇರಿದೊಡನೆ ಗುಂಡುಗಳನ್ನು ತೆಗೆದು, ಪಿಸ್ತೂಲನ್ನೂ ಗುಂಡನ್ನೂ ಬೇರೆಬೇರೆಯಾಗಿ ಬೀಗದಲ್ಲಿಡಬೇಕು. ಮದುವೆ, ಜಾತ್ರೆಗಳಲ್ಲಿ ಮೆರೆಸುವುದೂ ಪರರ ಕೈಗೆ ಕೊಡುವುದೂ ಅನರ್ಥದಂಡವೇ ಸರಿ.

ಅದಕ್ಕೂ ಮೊದಲು ಅಗತ್ಯವನ್ನೇ ಕಿರಿದಾಗಿಸಬೇಕು. ಹಣವನ್ನು ಬ್ಯಾಂಕಿನ ಮೂಲಕ ಕಳಿಸಬಹುದು, ಹಗಲಲ್ಲೇ ವ್ಯವಹಾರ ಮುಗಿಸಬಹುದು, ಜೊತೆಗೊಬ್ಬನನ್ನು ಕರೆದೊಯ್ಯಬಹುದು.

ಅವನಿಗೆ ಕೊನೆಯಲ್ಲಿ ಹೇಳಿದೆ: ‘ವ್ರತ ಕೆಟ್ಟಿತೋ ಇಲ್ಲವೋ ಎಂಬುದನ್ನು ನಾನು ಹೇಳಲಾರೆನಪ್ಪ. ಸಂಜೆ ಸಾಮಾಯಿಕಕ್ಕೆ ಕುಳಿತಾಗ, ಇಂದು ಗುಂಡು ಹಾರಿತೇ ಎಂದು ಕೇಳಿಕೊಳ್ಳಬೇಡ. ಹಾರಿಸಬೇಕೆಂದು ಮನಸ್ಸಾಯಿತೇ ಎಂದು ಕೇಳಿಕೋ. ಹೌದೆಂದು ಅನ್ನಿಸಿದ ದಿನ ಪಿಸ್ತೂಲನ್ನು ಠಾಣೆಗೆ ಒಪ್ಪಿಸಿ ಬಾ.’